ಫೈರ್ ಟೆಂಡರ್ ರಿಲೀಫ್ ವಾಲ್ವ್ ವಾಪಸಾತಿ: ನಮ್ಮ ಗಾಡಿಗೂ ಬರುತ್ತಾ?

ತೋರಣಗಲ್ಲು_ಸೇಫ್ಟಿ: ನಮ್ಮ ಫೈರ್ ಟೆಂಡರ್ (ಬೆಂಕಿ ಆರಿಸೋ ಗಾಡಿ) ಪಂಪಿನ ರಿಲೀಫ್ ವಾಲ್ವ್, ಅಂದ್ರೆ ಒತ್ತಡ ಜಾಸ್ತಿಯಾದಾಗ ತೆರೆದು ಇಳಿಸೋ ವಾಲ್ವ್, ಅದರ ಸ್ಪ್ರಿಂಗ್ ದೋಷ ಅಂತ ತಯಾರಕರ ಪತ್ರ ಬಂದಿದೆ. ಚಾಸಿ ನಂಬರ್ ಪಟ್ಟಿಯಲ್ಲಿಲ್ಲ. ಸುಮ್ಮನಿರಬಹುದಾ?

ಪಂಪ್_ಆಪರೇಟರ್: ಬೇಡ ರೀ. ಚಾಸಿ ಒಬ್ಬರದು, ಪಂಪ್ ಇನ್ನೊಬ್ಬರದು, ಕೂಡಿಸಿದವರು ಮೂರನೆಯವರು. ಪಂಪಿನ ಮೈಮೇಲಿನ ಪ್ಲೇಟಿನಲ್ಲಿರೋ ಸೀರಿಯಲ್ ನಂಬರ್ ನೋಡಿ. ಬಣ್ಣ ಬಳಿದು ಮುಚ್ಚಿರ್ತಾರೆ, ಕೆರೆದು ಓದಿ, ಫೋಟೊ ತೆಗೆದು ಕಳಿಸಿ.

ಅಷ್ಟರಲ್ಲಿ ನೀವೇ ಪರೀಕ್ಷೆ ಮಾಡಿ. ಎರಡು 63 ಮಿ.ಮೀ. ಡೆಲಿವರಿ (ಪಂಪಿನಿಂದ ನೀರು ಹೊರಬರೋ ಬಾಯಿ) ತೆರೆದು, ಬ್ರಾಂಚ್‌ಗಳನ್ನ (ಹೋಸ್ ತುದಿಯ ನಳಿಗೆ) ಸ್ಟ್ಯಾಂಡಿಗೆ ಕಟ್ಟಿ, 7 ಬಾರ್‌ಗೆ ತಂದು ವಾಲ್ವ್ ಸೆಟ್ ಮಾಡಿ. ಒಂದು ಡೆಲಿವರಿಯನ್ನ 3ರಿಂದ 10 ಸೆಕೆಂಡಿನಲ್ಲಿ ಮುಚ್ಚಿ. ಗೇಜ್ 2 ಬಾರ್‌ಗಿಂತ ಹೆಚ್ಚು ಏರಿದರೆ ವಾಲ್ವ್ ಕೆಲಸ ಮಾಡ್ತಿಲ್ಲ. ಒಮ್ಮೆಲೇ ಮುಚ್ಚಬೇಡಿ, ವಾಟರ್ ಹ್ಯಾಮರ್‌ಗೆ (ಹರಿಯೋ ನೀರು ದಿಢೀರ್ ನಿಂತಾಗ ಬೀಳೋ ಒತ್ತಡದ ಹೊಡೆತ) ಹೋಸ್ ಒಡೆಯುತ್ತೆ.

ಸಿಂಧನೂರು_ಮೆಕ್ಯಾನಿಕ್: ಸ್ಪ್ರಿಂಗನ್ನೇ ದೂರುವ ಮುಂಚೆ ಪೈಲಟ್ ಲೈನಿನ (ಪಂಪಿನ ಒತ್ತಡವನ್ನ ವಾಲ್ವ್‌ಗೆ ಮುಟ್ಟಿಸೋ ಸಣ್ಣ ಪೈಪು) ಜಾಲರಿ ಬಿಚ್ಚಿ ತೊಳೀರಿ. ತುಂಗಭದ್ರಾ ಕಾಲುವೆ ನೀರು ಎಳೆದ ಗಾಡಿಗಳಲ್ಲಿ ಅದರೊಳಗೆ ಹೂಳು ಕೂತು ವಾಲ್ವ್ ತಡವಾಗಿ ತೆರೆಯುತ್ತೆ. ಲಕ್ಷಣ ಥೇಟ್ ಸ್ಪ್ರಿಂಗ್ ದೋಷದ್ದೇ. ಆದರೆ ಸೀರಿಯಲ್ ಪಟ್ಟಿಯಲ್ಲಿದ್ದರೆ ಪರೀಕ್ಷೆ ಪಾಸಾದರೂ ಬದಲಿಸಲೇಬೇಕು.

ಪಂಪ್_ಆಪರೇಟರ್: ಹೌದು, ಜಾಲರಿ ಮರೆತಿದ್ದೆ.

ಕೊಪ್ಪಳ_ಫೈರ್: ಬದಲಿ ವಾಲ್ವ್ ಬರೋವರೆಗೆ ಒಂದೇ ಬ್ರಾಂಚ್ ನಡೆಸಿ. ಎರಡಿದ್ದಾಗ ಒಬ್ಬ ಮುಚ್ಚಿದರೆ ಇನ್ನೊಬ್ಬನ ಕೈಯಲ್ಲಿರೋದು ಒದೆಯುತ್ತೆ. ಆಪರೇಟರ್ ಥ್ರಾಟಲ್ ಬಿಟ್ಟು ಕದಲಬಾರದು. ಡೆಲಿವರಿ ಮುಚ್ಚಿ ಪಂಪ್ ಓಡಿಸಬೇಕಾದರೆ ಟ್ಯಾಂಕಿಗೆ ಮರಳೋ ಲೈನ್ ತೆರೆದಿಡಿ, ಇಲ್ಲಾಂದ್ರೆ ಒಳಗಿನ ನೀರು ಕಾದು ಸೀಲ್ ಹೋಗುತ್ತೆ. ನಮ್ಮ ಕಡೆ ಬೇಸಿಗೆಯಲ್ಲಂತೂ ಟ್ಯಾಂಕಿನ ನೀರೇ ಬಿಸಿ! ಹಳೇ ವಾಲ್ವ್ ರಸೀದಿ ಇಲ್ಲದೆ ಕೊಡಬೇಡಿ. ಹೊಸದು ಹಾಕಿದ ಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿ ಲಾಗ್‌ಬುಕ್ಕಿನಲ್ಲಿ ಬರೆಸಿ.