ಕೃಷಿ ಹೊಂಡದ ಹೂಳು ತೆಗೆಸಬೇಕು, ಮಾಡಿಸಿದವರು ಸ್ವಲ್ಪ ಹೇಳಿ

ಹಿರಿಯೂರು ಕಡೆಯಿಂದ ಪ್ರಶ್ನೆ:
ನಮ್ಮದು ಕೆಂಪು ಮಣ್ಣಿನ ಹೊಲ. 2016ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ಮಾಡಿಸಿ, ನೀರು ಇಂಗದ ಹಾಗೆ ಪ್ಲಾಸ್ಟಿಕ್ ಶೀಟ್ ಹಾಸಿದ್ದೆವು. 2023ರ ಮುಂಗಾರು ಕೈಕೊಟ್ಟಿದ್ದು ಎಲ್ಲರಿಗೂ ಗೊತ್ತೇ ಇದೆ. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ಈಗ ಹೊಂಡದಲ್ಲಿ ಮೊಣಕಾಲುದ್ದ ನೀರು, ಅದರ ಕೆಳಗೆ ಎರಡು ಅಡಿ ಹೂಳು. ಜೆಸಿಬಿಯವನು "30 ಲೋಡ್ ಆಗುತ್ತೆ, ಒಂದೇ ಬೆಳಿಗ್ಗೆ ಮುಗಿಸ್ತೀನಿ" ಅಂತ ಗುತ್ತಿಗೆ ಕೇಳ್ತಿದ್ದಾನೆ. ಕೊಡಬಹುದಾ? ತೆಗೆದ ಮಣ್ಣನ್ನು ಏನು ಮಾಡೋದು?

ಪಾವಗಡ ಕಡೆಯ ರೈತ:
ಅಣ್ಣ, ಮೊದಲು ಆ 30 ಲೋಡಿನ ಲೆಕ್ಕ ನೋಡಿ. ಹೊಂಡದ ಬಾಯಿ 12 ಮೀಟರ್ ಇದ್ದರೂ ತಳ ಅಷ್ಟಿರಲ್ಲ. ಒಂದಕ್ಕೊಂದು ಇಳಿಜಾರು (ಒಂದು ಮೀಟರ್ ಇಳಿದರೆ ನಾಲ್ಕೂ ಕಡೆ ಒಂದು ಮೀಟರ್ ಒಳಕ್ಕೆ) ಕೊಟ್ಟಿದ್ದರೆ 3 ಮೀಟರ್ ಕೆಳಗೆ ಬರೋ ಹೊತ್ತಿಗೆ ತಳ 6 ಮೀಟರಿಗೆ ಇಳಿದಿರುತ್ತೆ. ಅಲ್ಲಿ ಎರಡು ಅಡಿ ಹೂಳು ಅಂದರೆ ಸುಮಾರು 26 ಘನ ಮೀಟರ್. ಟ್ರೇಲರಿಗೆ 3 ಘನ ಮೀಟರ್ ಹಿಡಿದರೆ 9 ಲೋಡ್. ಅಗೆದ ಮಣ್ಣು ಉಬ್ಬುತ್ತೆ, ಆದರೂ 12 ದಾಟಲ್ಲ. ಅವನು ಬಾಯಿ ಅಳತೆ ಹಿಡಿದು ಲೆಕ್ಕ ಹಾಕಿದ್ದಾನೆ ಅಷ್ಟೆ.

ಲೆಕ್ಕ ಸರಿ ಹೇಳಿದರೂ ಶೀಟ್ ಇರೋ ಹೊಂಡಕ್ಕೆ ಜೆಸಿಬಿ ಇಳಿಸಬೇಡಿ. ದಡದ ಮೇಲೆ ನಿಂತು ಕೈ ಚಾಚಿದರೂ ಬಕೆಟ್ಟಿನ ಹಲ್ಲು ಒಂದು ಕಡೆ ತಾಗಿದರೆ ಸಾಕು, ಶೀಟ್ ಮಾರುದ್ದ ಸೀಳಿಕೊಂಡು ಬರುತ್ತೆ. ನಾವು ಆಳು ಹಚ್ಚಿ ತೆಗೆದೆವು. ನಾಲ್ಕು ಜನ, ಐದು ದಿನ.

ಮಾಡಿದ್ದು ಹೀಗೆ. ಇದ್ದ ನೀರನ್ನು ಮೊದಲು ಸಸಿಗಳಿಗೆ ಹಾಯಿಸಿದೆವು. ನೀರು ಹೀರೋ ಪೈಪಿನ ತುದಿಯ ಫುಟ್‌ವಾಲ್ವ್ ತಳಕ್ಕೆ ಬಿಟ್ಟರೆ ಪಂಪಿಗೆ ಬರೀ ರಾಡಿ ಬರುತ್ತೆ. ಅದಕ್ಕೇ ಖಾಲಿ ಎಣ್ಣೆ ಕ್ಯಾನಿಗೆ ಕಟ್ಟಿ ನೀರಿನ ಮಟ್ಟದಿಂದ ಒಂದಡಿ ಕೆಳಗೆ ತೇಲಿಸಿದ್ದೆವು. ನೀರು ಹೋದ ಮೇಲೆ ಕೆಸರಿಗೆ ತಕ್ಷಣ ಇಳಿಯಬೇಡಿ, ಮೊಣಕಾಲವರೆಗೆ ಹೂತುಕೊಂಡರೆ ಮೇಲೆ ಬರೋದೇ ಕಷ್ಟ. ಬಿಸಿಲಿಗೆ ಬಿಟ್ಟು ನೋಡ್ತಾ ಇರಿ. ಬೆರಳು ತೂರುವಷ್ಟು ಬಿರುಕು ಬಿಟ್ಟಾಗ ಹೂಳು ಹೆಂಟೆ ಹೆಂಟೆಯಾಗಿ ಏಳುತ್ತೆ. ಅದೇ ಹದ. ಇನ್ನೂ ಒಣಗಲಿ ಅಂತ ಬಿಟ್ಟರೆ ಕಲ್ಲಾಗುತ್ತೆ. ಆಮೇಲೆ ಗುದ್ದಲಿ ಬೇಕಾಗುತ್ತೆ, ಗುದ್ದಲಿ ಬಿದ್ದರೆ ಶೀಟ್ ಹೋಯ್ತು. ತಳದ ನಾಲ್ಕು ಬೆರಳಷ್ಟನ್ನು ನಾವು ಸಲಿಕೆ ಮುಟ್ಟಿಸದೆ ಹಲಗೆಯಲ್ಲಿ ಕೆರೆದು ಪ್ಲಾಸ್ಟಿಕ್ ಬುಟ್ಟಿಗೆ ತುಂಬಿದ್ದು. ಇಳಿದವರೆಲ್ಲ ಬರಿಗಾಲು.

ಖಾಲಿ ಮಾಡಿ ಹಾಗೇ ತಿಂಗಳುಗಟ್ಟಲೆ ಬಿಡಬೇಡಿ. ನೀರಿಲ್ಲದ ಶೀಟ್ ಬಿಸಿಲಿಗೆ ಪೆಡಸಾಗುತ್ತೆ, ಗಾಳಿಗೆ ಏಳುತ್ತೆ. ತಳದಲ್ಲಿ ಮರಳು ತುಂಬಿದ ಚೀಲ ಇಡಿ. ಏಪ್ರಿಲ್ ನಡುವಿನ ಅಶ್ವಿನಿ ಮಳೆಯ ಹೊತ್ತಿಗೆ ಶುರು ಮಾಡಿದರೆ ಭರಣಿ, ಕೃತ್ತಿಕೆಗೆ ಹೊಂಡ ತಯಾರಿರುತ್ತೆ.

ಶಿರಾ ಹತ್ತಿರದಿಂದ:
ನನ್ನ ಕಥೆ ಕೇಳಿ, ನಗಬೇಡಿ. ಶೀಟ್ ಹಳೇದಾಯ್ತು ಅಂತ ಕಿತ್ತು ಹಾಕಿದೆ. ಜೆಸಿಬಿ ಹೇಗೂ ಬಂದಿದೆ, ಇನ್ನೆರಡು ಅಡಿ ಆಳ ಆಗಲಿ ಅಂತ ಆಸೆ ಪಟ್ಟೆ. ಕೆಳಗೆ ನೀರು ನಿಲ್ಲದ ಗರಸು ಸಿಕ್ತು. ಗಂಟೆಗೆ 1,200 ರೂಪಾಯಿಯಂತೆ ಆರು ಗಂಟೆ ದುಡ್ಡು ಕೊಟ್ಟು ನಾನೇ ತೂತು ಕೊರೆಸಿಕೊಂಡ ಹಾಗಾಯ್ತು. ಮೊದಲ ಮಳೆಗೆ ಹೊಂಡ ತುಂಬಿತು, ಒಂಬತ್ತೇ ದಿನಕ್ಕೆ ತಳ ಕಂಡಿತು. ಶೀಟ್ ಇಲ್ಲದ ಹೊಂಡದಲ್ಲಿ ತಳದ ಸಣ್ಣ ಜಿಗುಟು ಮಣ್ಣೇ ನೀರು ಹಿಡಿಯೋದು. ಅದನ್ನು ಪೂರ್ತಿ ಕೆರೆಯಬಾರದು ಅಂತ ಆಗ ಗೊತ್ತಿರಲಿಲ್ಲ. ಸಾಲದ್ದಕ್ಕೆ ದಂಡೆಯನ್ನು ನೆಟ್ಟಗೆ ಕಡಿಸಿದ್ದೆ, ಅದೂ ಒಂದು ಮಗ್ಗುಲು ಕುಸಿಯಿತು.

ಚಳ್ಳಕೆರೆ ಕಡೆಯ ರೈತ ಮಹಿಳೆ:
ಮಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ. ಅದು ಎಲ್ಲಿಂದಲೋ ಬಂದಿದ್ದಲ್ಲ, ನಿಮ್ಮ ಹೊಲದ ಮೇಲ್ಮಣ್ಣೇ ಕೊಚ್ಚಿಕೊಂಡು ಬಂದು ಕೂತಿರೋದು. ಕೆಂಪು ಮಣ್ಣಿಗೆ ತೆಳ್ಳಗೆ ಹರಡಿದರೆ ತೇವ ಜಾಸ್ತಿ ದಿನ ನಿಲ್ಲುತ್ತೆ. ಒಂದೇ ಕಡೆ ದಪ್ಪ ಸುರಿದರೆ ಒಣಗಿ ಹೆಪ್ಪುಗಟ್ಟುತ್ತೆ. ನಾವು ಹಾಗೆ ಸುರಿದ ಜಾಗದಲ್ಲಿ ಶೇಂಗಾ ಕೀಳೋಕೆ ಹೋದರೆ ಗಿಡ ಕೈಗೆ, ಕಾಯಿ ಮಣ್ಣಿಗೆ! ಒಣಗಿದ ಹೂಳಿನ ಮೇಲೆ ಬಿಳಿ ಪುಡಿ ಕಂಡರೆ ಹೊಲಕ್ಕೆ ಹಾಕೋ ಮುಂಚೆ ಚೌಳು (ಉಪ್ಪಿನಂಶ) ಇದೆಯಾ ಅಂತ ಪರೀಕ್ಷೆ ಮಾಡಿಸಿ. ನಿಮಗೆ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಹತ್ತಿರವೇ ಅಲ್ವಾ. ಮತ್ತೆ, ಹೂಳನ್ನು ದಂಡೆಯ ಮೇಲಂತೂ ಗುಡ್ಡೆ ಹಾಕಲೇಬೇಡಿ. ಮಳೆ ಬಂದ ದಿನ ಅದೆಲ್ಲ ವಾಪಸ್ ಒಳಗೆ.

ನೀರು ಒಳಗೆ ಬರುವ ಜಾಗಕ್ಕೆ ಮುಂಚೆ ಒಂದು ಗುಂಡಿ ಇದೆಯಾ? ನಮ್ಮಲ್ಲಿ ಎರಡು ಮೀಟರ್ ಚೌಕ, ಒಂದು ಮೀಟರ್ ಆಳ ತೋಡಿದ್ದೇವೆ. ಮಣ್ಣು ಅಲ್ಲೇ ಕೂರುತ್ತೆ, ಮೇಲಿನ ನೀರು ಹೊಂಡಕ್ಕೆ ಹೋಗುತ್ತೆ. ದೊಡ್ಡ ಮಳೆ ಆದಾಗಲೆಲ್ಲ ಅದನ್ನು ಬಳಿಯಬೇಕು. ಒಬ್ಬರಿಗೆ ಅರ್ಧ ದಿನದ ಕೆಲಸ.

ಪಾವಗಡದವರು ಮತ್ತೆ:
ಮರೆತಿದ್ದೆ. ಶೀಟಿನ ತೂತಿಗೆ ಪಂಕ್ಚರ್ ಅಂಗಡಿ ಸೊಲ್ಯೂಷನ್ ಹಾಕಬೇಡಿ, ಹಿಡಿಯಲ್ಲ. ಅದೇ ಶೀಟಿನ ತುಂಡನ್ನು ಬಿಸಿಗಾಳಿ ಮೆಷಿನ್‌ನಲ್ಲಿ ಬೆಸೆಸಬೇಕು. ಆಮೇಲೆ ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಡಿ, ಸುತ್ತ ಬೇಲಿ ಹಾಕಿ. ಪಾಚಿ ಹಿಡಿದ ಶೀಟ್ ಮೇಲೆ ಈಜು ಬರುವವರೂ ಹತ್ತೋಕಾಗಲ್ಲ.

ಹಿರಿಯೂರಿನವರು:
ಜೆಸಿಬಿಯವನಿಗೆ ಬೇಡ ಅಂದೆ. ಗುಂಡಿ ಇತ್ತಂತೆ, ಅಪ್ಪ ಈಗ ಹೇಳ್ತಿದ್ದಾರೆ. ಹೋಗಿ ನೋಡಿದರೆ ಪೂರ್ತಿ ಮುಚ್ಚಿ ಮೇಲೆ ಹುಲ್ಲು ಬೆಳೆದಿದೆ, ಎಮ್ಮೆ ಅಲ್ಲೇ ಮೇಯುತ್ತಿತ್ತು. ನಾಳೆ ಅದನ್ನೇ ಮೊದಲು ತೋಡಿಸ್ತೀನಿ.