ಗಾಳಿ ಇಲ್ಲದ ಪೆಬಲ್ ಬೀಚ್

ನಮ್ಮ ಕುಟುಂಬದ ಮನೆಯ ಹೆಸರಿನಲ್ಲಿ ಒಂದು ವಾಟ್ಸಾಪ್ ಗುಂಪು ಉಂಟು. ಅದನ್ನು ಮಾಡಿದ್ದು ವರ್ಷಕ್ಕೊಮ್ಮೆ ನಡೆಯುವ ತಂಬಿಲ ಪೂಜೆಯ ಖರ್ಚು ಹಂಚಿಕೊಳ್ಳಲಿಕ್ಕೆ. ಈಗ ಅಲ್ಲಿ ಜಾಸ್ತಿ ನಡೆಯುವುದು ಗಾಲ್ಫ್, ಅದೂ ಫೋನಿನ ಗಾಲ್ಫ್. ನಮ್ಮಲ್ಲಿ ಒಬ್ಬರೂ ನಿಜವಾದ ಗಾಲ್ಫ್ ಕೋಲು ಮುಟ್ಟಿದವರಲ್ಲ. ಪಿಲಿಕುಳಕ್ಕೆ ಹೋದರೆ ಹುಲಿ ನೋಡಿಕೊಂಡು ಬರುತ್ತೇವೆ, ಅಲ್ಲಿನ ಗಾಲ್ಫ್ ಮೈದಾನದ ಕಡೆ ತಲೆ ಹಾಕುವುದಿಲ್ಲ.

ಹುಚ್ಚು ಹಿಡಿದದ್ದು 2021ರ ಆಗಸ್ಟ್‌ನಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದ ಅಂತರದಲ್ಲಿ ಕಂಚು ಕಳೆದುಕೊಂಡರಲ್ಲ, ಅವತ್ತು ಮನೆಯವರೆಲ್ಲ 'ಬರ್ಡಿ ಅಂದ್ರೆ ಎಂತದು' ಎಂದು ಕೇಳುತ್ತಾ ಟಿವಿ ಮುಂದೆ ಕೂತಿದ್ದೆವು. ಚಿಕ್ಕಪ್ಪನ ಮಗ ಪ್ರಜ್ವಲ್ ಮರುವಾರ ಎಲ್ಲರ ಫೋನಿಗೂ ಆಟ ಹಾಕಿಕೊಟ್ಟ. ತಿಂಗಳಿಗೊಂದು ಕೋರ್ಸ್, ಅಂದರೆ ಗಾಲ್ಫ್ ಮೈದಾನ, ಅವನದ್ದೇ ಪಟ್ಟಿ. ಗೆದ್ದವರಿಗೆ ಉಳಿದವರ ಖರ್ಚಿನಲ್ಲಿ ಗಡ್‌ಬಡ್ ಐಸ್‌ಕ್ರೀಮ್.

ಕಳೆದ ಭಾನುವಾರದ ಜಗಳ ಇದು. ಅರ್ಧ ತುಳುವಿನಲ್ಲಿತ್ತು, ಕನ್ನಡಕ್ಕೆ ತಂದಿದ್ದೇನೆ. ಎರಡು ಬೈಗುಳ ಮತ್ತು ಶಾರದಾ ಚಿಕ್ಕಮ್ಮನ ಶುಭೋದಯದ ಹೂವುಗಳನ್ನು ತೆಗೆದಿದ್ದೇನೆ.

ಸಂಜೆ 6:12ಕ್ಕೆ ದಿನೇಶ್ ಭಾವ ಒಂದು ಚಿತ್ರ ಹಾಕಿದರು. ಅಮೆರಿಕದ ಸಮುದ್ರದ ಬದಿಯ ಕೋರ್ಸ್ ಪೆಬಲ್ ಬೀಚ್, ಪಾರ್ 72, ಭಾವನ ಸ್ಕೋರ್ 59. (ಪಾರ್ ಅಂದರೆ ನುರಿತವರಿಗೆ ಬೇಕಾಗುವ ಹೊಡೆತ, ಸ್ಕೋರ್ ಕಡಿಮೆ ಆದಷ್ಟೂ ಒಳ್ಳೆಯದು. ಟೀ ಅಂದರೆ ಮೊದಲ ಹೊಡೆತದ ಜಾಗ, ಮುಂದಿನ ಟೀ ಆದರೆ ದೂರ ಕಡಿಮೆ. ಗ್ರೀನ್ ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲು, ಅಲ್ಲಿ ಚೆಂಡು ಉರುಳಿಸುವುದು ಪಟ್. ಟೀಯಿಂದ ಗುಳಿಯವರೆಗೆ ಒಂದು ಹೋಲ್, ಅಂಥವು 18.)

ದಿನೇಶ್ ಭಾವ: ಪಟ್ಟಿಗೆ ಸೇರಿಸು ಪ್ರಜ್ವಲ್. ಗಡ್‌ಬಡ್‌ಗೆ ದ್ರಾಕ್ಷಿ ಜಾಸ್ತಿ ಹಾಕಲಿಕ್ಕೆ ಹೇಳು.

ಮೋಹನ ಮಾವ: ಶಹಬ್ಬಾಸ್! ನನ್ನದು 97.

ಪ್ರಜ್ವಲ್: ಭಾವ, ಚಿತ್ರದ ಕೆಳಗೆ ಒಂದು ಸಾಲು ಇರ್ಬೇಕಲ್ಲ? ಟೀ, ಗಾಳಿ, ಗ್ರೀನ್ ವೇಗ ಎಲ್ಲ ಇರುವ ಸಾಲು. ಅದು ಕತ್ತರಿಸಿಹೋಗಿದೆ.

ದಿನೇಶ್ ಭಾವ: ಫೋನ್ ಸಣ್ಣದು ಮಾರಾಯ, ಚಿತ್ರದಲ್ಲಿ ಹಿಡಿಸಲಿಲ್ಲ.

ಶಶಿಯಕ್ಕ: ಹಿಡಿಸುತ್ತಿತ್ತು. ಇವರೇ ಕತ್ತರಿಸಿದ್ದು. ನಾನು ಪಕ್ಕದಲ್ಲೇ ಬೀನ್ಸ್ ಮುರಿಯುತ್ತಾ ಕೂತಿದ್ದೆ. ಮುಂದಿನ ಟೀ, ಗಾಳಿ ಸೊನ್ನೆ, ಗ್ರೀನ್ ನಿಧಾನ, ಕೋಲು ಬೀಸುವಾಗ ಆಟವೇ ಕೊಡುವ ಸ್ವಿಂಗ್ ಸಹಾಯ ಪೂರ್ತಿ.

ಹೆಂಡತಿ ಇರುವ ಗುಂಪಿನಲ್ಲಿ ಸುಳ್ಳು ಹೇಳಬಾರದು. ಭಾವ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಬಂದದ್ದು ಉದ್ದದ ಸಂದೇಶ.

ದಿನೇಶ್ ಭಾವ: ಸರಿ, ಹಾಗೇ ಆಡಿದೆ. ಮೋಸ ಎಲ್ಲಿ ಬಂತು? ಆ ಬಟನ್ ಆಟದಲ್ಲೇ ಕೊಟ್ಟಿದ್ದಾರೆ, ನಾನು ಮನೆಯಿಂದ ತಂದದ್ದಲ್ಲ. ಪ್ರಜ್ವಲ್ 'ಈ ತಿಂಗಳು ಪೆಬಲ್ ಬೀಚ್' ಅಂತ ಮಾತ್ರ ಬರೆದಿದ್ದ, ಗಾಳಿ ಎಷ್ಟು ಅಂತ ಬರೆದಿರಲಿಲ್ಲ. ಮತ್ತೆ ಹೋದ ತಿಂಗಳು ಇವನೇ ಎಂತ ಮಾಡಿದ? ಓಕ್‌ಮಾಂಟ್ ಕೋರ್ಸ್, ಹಿಂದಿನ ಟೀ, ಗ್ರೀನ್ ಅತಿ ವೇಗ. ಮೋಹನ ಮಾವ ಒಂದೇ ಗ್ರೀನ್‌ನಲ್ಲಿ ಆರು ಸಲ ಪಟ್ ಮಾಡಿ ಫೋನ್ ಬದಿಗಿಟ್ಟರು. ಆಗ ಯಾರೂ ಬಾಯಿ ತೆಗೆಯಲಿಲ್ಲ.

ಮೋಹನ ಮಾವ: ಏಳು ಸಲ.

(ಇದರಲ್ಲಿ ಭಾವನ ಮಾತು ಸರಿ. ನಿಯಮ ಬರೆಯದಿದ್ದದ್ದು ನಮ್ಮ ತಪ್ಪು. ಚಿತ್ರ ಕತ್ತರಿಸಿದ್ದು ಮಾತ್ರ ಅವರದ್ದು.)

ಪ್ರಜ್ವಲ್: ಓಕ್‌ಮಾಂಟ್ ಅಂದರೇ ಗ್ರೀನ್ ಭಾವ! ಗ್ರೀನ್ ವೇಗ ಅಳೆಯುವ ಕೋಲು ಹುಟ್ಟಿದ್ದೇ ಆ ಕೋರ್ಸ್‌ನಿಂದ. 1935ರ ಯುಎಸ್ ಓಪನ್ ಅಲ್ಲಿ ನಡೆದಿತ್ತು. ಎಡ್ವರ್ಡ್ ಸ್ಟಿಂಪ್ಸನ್ ಅನ್ನುವವರು ಅಲ್ಲಿ ಚೆಂಡು ಗ್ರೀನ್ ಮೇಲೆ ಜಾರಿಹೋಗುವುದನ್ನು ನೋಡಿ ಒಂದು ಉಪಕರಣ ಮಾಡಿದರು. ಕೋಲಿನ ಮೇಲಿನ ಉದ್ದದ ತೋಡಿನಲ್ಲಿ ಚೆಂಡು ಇಟ್ಟು ಒಂದು ಬದಿ ಮೆಲ್ಲ ಎತ್ತುವುದು. ಅದು ಉರುಳಿ ಎಷ್ಟು ಅಡಿ ಹೋಗುತ್ತದೋ ಅದೇ ಗ್ರೀನಿನ ವೇಗ. ಅಂಥ ಕಡೆ ನಿಧಾನ ಗ್ರೀನ್ ಹಾಕಿದರೆ ಓಕ್‌ಮಾಂಟ್ ಅಂತ ಹೆಸರು ಯಾಕೆ?

ದಿನೇಶ್ ಭಾವ: ಕೋಲು ಮಾಡಿದವರು ಮೋಹನ ಮಾವನ ಹೆಬ್ಬೆರಳು ನೋಡಿರಲಿಲ್ಲ.

ಶಾರದಾ ಚಿಕ್ಕಮ್ಮ: ತಂಬಿಲಕ್ಕೆ ತಲಾ ಎಷ್ಟು ಅಂತ ಯಾರಾದರೂ ಹೇಳಿ. ತೆಂಗಿನಕಾಯಿಗೆ ಹೇಳಬೇಕು.

ಯಾರೂ ಹೇಳಲಿಲ್ಲ. ನಾನು ಆಗ ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಕುಂಜಿಬೆಟ್ಟಿಗೆ ಸಿಟಿ ಬಸ್ ಕಾಯುತ್ತಿದ್ದೆ. ಸುಮ್ನೆ ಇರಬಹುದಿತ್ತು.

ನಾನು: ಭಾವ, ಗಾಳಿ ತೆಗೆದ ಮೇಲೆ ಪೆಬಲ್ ಬೀಚ್‌ನಲ್ಲಿ ಉಳಿಯುವುದು ಎಂತದು? ಸಮುದ್ರದ ಚಿತ್ರ ಮಾತ್ರ. ಏಳನೆಯ ಹೋಲ್ ನೋಡಿ.

ದಿನೇಶ್ ಭಾವ: ಏಳನೆಯದಾ? ಅದು ಮಕ್ಕಳ ಹೋಲ್. 110 ಗಜವೂ ಇಲ್ಲ. ನಾನು ಕಣ್ಣು ಮುಚ್ಚಿ ಹತ್ತಿರದ ಹೊಡೆತದ ವೆಡ್ಜ್ ಕೋಲಿನಲ್ಲಿ ಹೊಡೆದು ಎರಡಕ್ಕೆ ಮುಗಿಸಿದೆ.

ನಾನು: ಗಾಳಿ ಇಲ್ಲದಿದ್ದರೆ ಮಕ್ಕಳದ್ದೇ. 1992ರ ಯುಎಸ್ ಓಪನ್ ಕೊನೆಯ ದಿನ ಅಲ್ಲಿ ಜೋರು ಗಾಳಿ. ಆ ಪುಟಾಣಿ ಹೋಲ್‌ಗೆ ಟಾಮ್ ಕೈಟ್ ಅನ್ನುವ ಆಟಗಾರ ತೆಗೆದದ್ದು ದೂರದ ಹೊಡೆತದ 6 ಐರನ್ ಕೋಲು. ಬೇರೆ ದಿನವಾದರೆ ಅದೇ ಕೋಲಿನಲ್ಲಿ ಚೆಂಡು ಸೀದಾ ಸಮುದ್ರಕ್ಕೆ. ಅಷ್ಟಾಗಿಯೂ ಚೆಂಡು ಗ್ರೀನಿನ ಎಡಕ್ಕೆ ಹೋಯಿತು. ಅಲ್ಲಿಂದ ಮೆಲ್ಲ ಎತ್ತಿ ಹೊಡೆದದ್ದು ನೇರ ಗುಳಿಗೆ ಬಿತ್ತು. ಆ ಟೂರ್ನಿ ಗೆದ್ದದ್ದೂ ಅವರೇ. ಗಾಳಿ ಇಲ್ಲದೆ ಈ ಕತೆಯೇ ಇಲ್ಲ.

ಶಶಿಯಕ್ಕ: ಇವರು ಜೂನ್‌ನಲ್ಲಿ ಮಲ್ಪೆಗೆ ಹೋಗಿ 'ಸಮುದ್ರ ಎಷ್ಟು ಶಾಂತ ಇದೆ' ಅನ್ನುವ ಜನ.

ಪ್ರಜ್ವಲ್: ಎದುರು ಗಾಳಿ ಬೇರೆ ಲೆಕ್ಕ ಭಾವ. ಹಿಂದಿನಿಂದ ಬರುವ ಗಾಳಿ ಎಷ್ಟು ಲಾಭ ಕೊಡುತ್ತದೋ, ಅಷ್ಟೇ ಗಾಳಿ ಎದುರಿನಿಂದ ಬಂದರೆ ನಷ್ಟ ಅದಕ್ಕಿಂತ ಜಾಸ್ತಿ. ಚೆಂಡು ತಿರುಗುತ್ತಾ ಮೇಲೆದ್ದು ಅಲ್ಲೇ ನಿಂತ ಹಾಗೆ ಆಗ್ತದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಕೋರ್ಸ್‌ನಲ್ಲೂ ಹಾಗೇ. ಅಲ್ಲಿ ಗಾಳಿ ಇಲ್ಲದಿದ್ದರೆ ಅಗಲದ ಬಯಲು, ಎಲ್ಲಿ ಬೇಕಾದರೂ ಹೊಡೆಯಬಹುದು. ಇನ್ನೊಂದು ಗೊತ್ತುಂಟಾ, ಅಲ್ಲಿ ಹೆಚ್ಚಿನ ಕಡೆ ಎರಡೆರಡು ಹೋಲ್‌ಗೆ ಒಂದೇ ದೊಡ್ಡ ಗ್ರೀನ್. ಜೊತೆಯಾದ ಹೋಲ್‌ಗಳ ನಂಬರು ಕೂಡಿಸಿದರೆ ಯಾವಾಗಲೂ 18. 2ಕ್ಕೆ 16, 3ಕ್ಕೆ 15...

ದಿನೇಶ್ ಭಾವ: ವಿಷಯ ಬದಲಿಸಬೇಡ.

ಮೋಹನ ಮಾವ: ನಾನೊಂದು ಕೇಳಲಾ? ಕಂಬಳದಲ್ಲಿ ನೇಗಿಲು ಕಿರಿಯ ವಿಭಾಗದ ಕೋಣಗಳನ್ನು ಹಗ್ಗ ಹಿರಿಯ ವಿಭಾಗದ ಎದುರು ಓಡಿಸುತ್ತಾರಾ?

ದಿನೇಶ್ ಭಾವ: ಅದಕ್ಕೂ ಇದಕ್ಕೂ ಎಂತ ಸಂಬಂಧ ಮಾವ?

ಮೋಹನ ಮಾವ: ಕಿರಿಯದಲ್ಲಿ ಓಡುವುದು ನಾಚಿಕೆ ಅಲ್ಲ. ಆದರೆ ಕಿರಿಯದ ಪದಕ ಹಿಡಿದುಕೊಂಡು ಹಿರಿಯದ ಸಾಲಿನಲ್ಲಿ ನಿಲ್ಲುವ ಹಾಗಿಲ್ಲ. ಮತ್ತೆ ಕೆನೆಹಲಗೆ ವಿಭಾಗ ನೋಡು. ಅದರಲ್ಲಿ ಓಟದ ಸಮಯ ಯಾರೂ ಕೇಳುವುದಿಲ್ಲ. 6.5 ಕೋಲು, 7.5 ಕೋಲು ಎತ್ತರದಲ್ಲಿ ನಿಶಾನೆ ಕಟ್ಟಿರುತ್ತಾರೆ. ನೀರು ಹಾರಿ ಅದಕ್ಕೆ ಮುಟ್ಟಿತಾ, ಅಷ್ಟೇ. ಕೋಣ ಓಡುವ ಕರೆ ಒಂದೇ, ಕೆಸರು ಒಂದೇ, ಆದರೆ ನೋಡುವುದು ಬೇರೆ ಬೇರೆ.

97 ಹೊಡೆದ ಮನುಷ್ಯ ಇಡೀ ಜಗಳವನ್ನು ನಾಲ್ಕು ಸಾಲಿನಲ್ಲಿ ಬಿಡಿಸಿಟ್ಟರು. ನಾನು ಬಸ್ ಹತ್ತಿ, ಸೀಟು ಸಿಕ್ಕಿದ ಮೇಲೆ ಬರೆದೆ.

ನಾನು: ಮಾವ ಹೇಳಿದ್ದೇ ಸರಿ. 'ಕಷ್ಟ', 'ಸುಲಭ' ಅಂತ ಒಂದೇ ಬಟನ್ ಎಲ್ಲ ಕೋರ್ಸ್‌ಗೂ ಆಗುವುದಿಲ್ಲ. ಒಂದೊಂದು ಕೋರ್ಸ್‌ಗೆ ಒಂದೊಂದು ನಿಶಾನೆ. ಪೆಬಲ್ ಬೀಚ್, ಸೇಂಟ್ ಆಂಡ್ರ್ಯೂಸ್‌ಗೆ ಗಾಳಿ. ಓಕ್‌ಮಾಂಟ್‌ಗೆ ಗ್ರೀನ್. ಅದೊಂದನ್ನು ಯಾರೂ ಮುಟ್ಟಬಾರದು. ಉಳಿದದ್ದು, ಟೀ, ಸ್ವಿಂಗ್ ಸಹಾಯ, ಪಟ್‌ಗೆ ದಾರಿ ತೋರಿಸುವ ಗೆರೆ, ಅವರವರ ಇಷ್ಟ. ಓಕ್‌ಮಾಂಟ್‌ನಲ್ಲಿ ಗ್ರೀನ್ ವೇಗ ಇಟ್ಟದ್ದು ಸರಿ, ಮಾವನನ್ನು ಹಿಂದಿನ ಟೀಗೆ ನಿಲ್ಲಿಸಿದ್ದು ತಪ್ಪು.

ದಿನೇಶ್ ಭಾವ: ಆಹಾ. ಹಾಗಾದರೆ ಸಹಾಯ ಹಾಕಿಕೊಂಡವರೂ ಹಾಕದವರೂ ಒಂದೇ ಪಟ್ಟಿಯಲ್ಲಾ? ಶಶಿ ಸಹಾಯ ಇಲ್ಲದೆ ಆಡುವುದೇ ಇಲ್ಲ.

ಶಶಿಯಕ್ಕ: ನಾನು ಕತ್ತರಿಸಿ ಹಾಕುವುದಿಲ್ಲ.

ಪ್ರಜ್ವಲ್: ಅದಕ್ಕೇ ಹ್ಯಾಂಡಿಕ್ಯಾಪ್ ಇರುವುದು ಭಾವ, ಆಟಗಾರನ ಮಟ್ಟ ನೋಡಿ ಸ್ಕೋರಿನಿಂದ ಕಳೆಯುವ ಹೊಡೆತ. ನಿಜವಾದ ಗಾಲ್ಫ್‌ನಲ್ಲಿ ಕೋರ್ಸಿನ ಕಷ್ಟಕ್ಕೆ ಒಂದಲ್ಲ, ಎರಡು ಸಂಖ್ಯೆ. ಕೋರ್ಸ್ ರೇಟಿಂಗ್ ಅಂದರೆ ಪಕ್ಕಾ ಆಟಗಾರನಿಗೆ ಎಷ್ಟು ಹೊಡೆತ ಬೇಕಾದೀತು ಅಂತ. ಸ್ಲೋಪ್ ಅಂದರೆ ನಮ್ಮಂಥವರಿಗೆ ಅದೇ ಕೋರ್ಸ್ ಅವನಿಗಿಂತ ಎಷ್ಟು ಜಾಸ್ತಿ ಕಷ್ಟ ಅಂತ. ಸ್ಲೋಪ್ 55ರಿಂದ 155ರವರೆಗೆ ಇರ್ತದೆ, 113 ಅಂದರೆ ಸಾಧಾರಣ. ಅದನ್ನೂ ಒಂದೊಂದು ಟೀಗೆ ಬೇರೆ ಬೇರೆ ಕೊಡ್ತಾರೆ. ಮಾವನ ಹ್ಯಾಂಡಿಕ್ಯಾಪ್ 20 ಅಂತ ಇಟ್ಟುಕೊಳ್ಳಿ. ಸ್ಲೋಪ್ 140 ಇರುವ ಟೀಯಿಂದ ಆಡಿದರೆ 20ನ್ನು 140ರಿಂದ ಗುಣಿಸಿ 113ರಿಂದ ಭಾಗಿಸುವುದು. ಸುಮಾರು 25. ರೇಟಿಂಗಿಗೂ ಪಾರ್‌ಗೂ ಇರುವ ವ್ಯತ್ಯಾಸ ಆಮೇಲೆ ಸೇರಿಸ್ತಾರೆ, ಈಗ ಅದು ಬೇಡ.

ಮೋಹನ ಮಾವ: 20 ಅಲ್ಲ ಮಗಾ, 40 ಇಟ್ಟುಕೋ.

ಪ್ರಜ್ವಲ್: 54ರವರೆಗೂ ಅವಕಾಶ ಉಂಟು ಮಾವ. ಸಹಾಯ ಹಾಕಿದವರ ಹ್ಯಾಂಡಿಕ್ಯಾಪ್ ತಾನಾಗಿ ಇಳೀತದೆ, ಸ್ಕೋರ್ ಚೆನ್ನಾಗಿ ಬರ್ತದಲ್ಲ. ಅಲ್ಲಿಗೆ ಸಮ ಆಯ್ತು. ಆದರೆ ಭಾವ, ಹತ್ತು ಸಲ ಸಹಾಯ ಇಲ್ಲದೆ ಆಡಿ ಹನ್ನೊಂದನೇ ಸಲ ಗಡ್‌ಬಡ್ ಆಸೆಗೆ ಸಹಾಯ ಹಾಕುವ ಹಾಗಿಲ್ಲ.

ದಿನೇಶ್ ಭಾವ: ಹೆಸರು ಹೇಳಿ ಮಾತಾಡು.

ಪ್ರಜ್ವಲ್: ಹೇಳಿದ್ದೇನಲ್ಲ.

ಶಾರದಾ ಚಿಕ್ಕಮ್ಮ: ತೆಂಗಿನಕಾಯಿ.

ನಾನು: ಹೋದ ವರ್ಷದಷ್ಟೇ ತರಿಸಿ ಚಿಕ್ಕಮ್ಮ. ಲೆಕ್ಕ ನಾಳೆ ಹಾಕ್ತೇನೆ.

ಪ್ರಜ್ವಲ್: ಮುಂದಿನ ತಿಂಗಳು ಬೆತ್‌ಪೇಜ್ ಬ್ಲ್ಯಾಕ್ ಇಡೋಣ್ವಾ? ನ್ಯೂಯಾರ್ಕ್ ರಾಜ್ಯದ ಸಾರ್ವಜನಿಕ ಕೋರ್ಸ್. ಮೊದಲ ಟೀ ಹತ್ತಿರ ಬೋರ್ಡೇ ಹಾಕಿದ್ದಾರೆ, ಇದು ತುಂಬಾ ಕಷ್ಟದ ಕೋರ್ಸ್, ಚೆನ್ನಾಗಿ ನುರಿತವರು ಮಾತ್ರ ಆಡಿದರೆ ಒಳ್ಳೆಯದು ಅಂತ.

ಶಶಿಯಕ್ಕ: ಬೀಚಿನಲ್ಲಿ 'ನೀರಿಗೆ ಇಳಿಯಬೇಡಿ' ಬೋರ್ಡಿನ ಕೆಳಗೇ ನಿಂತು ಫೋಟೋ ತೆಗೆಸಿಕೊಳ್ಳುವ ಕುಟುಂಬ ನಮ್ಮದು. ಇಡು.

ಮೋಹನ ಮಾವ: ಅಲ್ಲಿ ನಿಶಾನೆ ಎಂತದು?

ಪ್ರಜ್ವಲ್: ಉದ್ದ ಮಾವ. ಮತ್ತೆ ದಪ್ಪ ಹುಲ್ಲು. ಅಂದರೆ ಅಲ್ಲಿ ಟೀ ಅವರವರ ಇಷ್ಟಕ್ಕೆ ಬಿಡುವ ಹಾಗಿಲ್ಲ ಅಂತಾಯ್ತು...

ನನ್ನ ನಿಯಮ ಹತ್ತು ನಿಮಿಷವೂ ಬಾಳಲಿಲ್ಲ. ಉದ್ದವೇ ನಿಶಾನೆ ಆದರೆ ಮಾವ ಮತ್ತೆ ಹಿಂದಿನ ಟೀಗೆ. ಇದರ ಮೇಲೆ ಇನ್ನೂ ಅರ್ಧ ಗಂಟೆ ಹೋಯಿತು, ಅದನ್ನು ಬರೆಯುವುದಿಲ್ಲ. ಕೊನೆಗೆ ಪ್ರಜ್ವಲ್ ಒಪ್ಪಿದ್ದು ಇಷ್ಟು: ಬೆತ್‌ಪೇಜ್‌ನಲ್ಲಿ ಟೀ ಬಿಟ್ಟುಕೊಡುತ್ತಾನೆ, ಹುಲ್ಲು ಬಿಟ್ಟುಕೊಡುವುದಿಲ್ಲ. ಭಾವನ 59 ಪಟ್ಟಿಯಲ್ಲಿ ಉಳಿಯುತ್ತದೆ, ಪಕ್ಕದಲ್ಲಿ 'ಗಾಳಿ ಇಲ್ಲ' ಎಂದು ಬರೆದು. ಗಡ್‌ಬಡ್ ಮಾತ್ರ ಇಲ್ಲ. ಭಾವ ಹೆಬ್ಬೆರಳಿನ ಗುರುತು ಹಾಕಿ 'ಊಟಕ್ಕೆ ಹೋಗ್ತೇನೆ' ಎಂದರು. ಅದು ಸಿಟ್ಟಿನ ಹೆಬ್ಬೆರಳು ಎಂದು ಶಶಿಯಕ್ಕ ಆಮೇಲೆ ಫೋನಿನಲ್ಲಿ ಹೇಳಿದಳು.

ರಾತ್ರಿ 11:48. ಗುಂಪಿನಲ್ಲಿ ಅಲ್ಲ, ನನಗೊಬ್ಬನಿಗೇ ಸಂದೇಶ ಬಂತು.

ದಿನೇಶ್ ಭಾವ: ಮಲಗಿದ್ದೀಯಾ? ಆ ಏಳನೆಯ ಹೋಲ್‌ಗೆ ನೀನು ಯಾವ ಕ್ಲಬ್ ತೆಗೆದುಕೊಳ್ಳುತ್ತೀ? ವೆಡ್ಜ್‌ನಲ್ಲಿ ಹೊಡೆದರೆ ಚೆಂಡು ತಲುಪುವುದೇ ಇಲ್ಲ. ಮೂರು ಚೆಂಡು ನೀರಿಗೆ ಹೋಯಿತು. ಗುಂಪಿನಲ್ಲಿ ಹಾಕಬೇಡ ಮಾರಾಯ.

ನಾನು: ಗಾಳಿ ಎಷ್ಟು ಇಟ್ಟಿದ್ದೀರಿ ಭಾವ?

ಸ್ವಲ್ಪ ಹೊತ್ತು ಏನೂ ಬರಲಿಲ್ಲ.

ದಿನೇಶ್ ಭಾವ: ಪೂರ್ತಿ.