ಬಾರ್ಕೂರು ಸುತ್ತ ಅಳುಪರ ಕಾಲದ ಸರ್ವೆ: ಎಲ್ಲಿಂದ ಶುರು ಮಾಡಲಿ?

ಬ್ರಹ್ಮಾವರದ ಎಂ.ಎ. ವಿದ್ಯಾರ್ಥಿನಿ ಕೇಳಿದ್ದು:

ನಮಸ್ಕಾರ. ನನ್ನ ಕಿರುಪ್ರಬಂಧಕ್ಕೆ ಉಡುಪಿ ಜಿಲ್ಲೆಯ ಬಾರ್ಕೂರು ಮತ್ತು ವಡ್ಡರ್ಸೆ ನಡುವಿನ ಊರುಗಳನ್ನು ತೆಗೆದುಕೊಂಡಿದ್ದೇನೆ. ತುಳುನಾಡನ್ನು ಆಳಿದ ಅಳುಪ ಅರಸರ ಕಾಲ, ಸುಮಾರು 7ರಿಂದ 12ನೇ ಶತಮಾನ. ಆಗ ಜನ ಎಲ್ಲಿ ಇದ್ದರು, ಎಲ್ಲಿ ಬೇಸಾಯ ಮಾಡಿದರು, ದಾರಿ ಯಾವ ಕಡೆ ಇತ್ತು, ಇಷ್ಟು ನೋಡಬೇಕು. ಅಗೆತ ಇಲ್ಲ. ನೆಲದ ಮೇಲೆ ಕಾಣುವುದು ಮಾತ್ರ. ಓದಿದ ಕೈಪಿಡಿಗಳಲ್ಲಿ ಹಾಳುದಿಬ್ಬ ಹುಡುಕಿ, ಮಡಕೆ ಚೂರು ಎಣಿಸಿ ಅಂತ ಉಂಟು. ಕೆಲವು ದಿನ ತಿರುಗಿದೆ, ದಿಬ್ಬವೇ ಇಲ್ಲ. ಸಿಕ್ಕಿದ್ದೆಲ್ಲ ಹಂಚಿನ ತುಂಡು. ಇಲ್ಲಿ ಕೆಲಸ ಮಾಡಿ ಅನುಭವ ಇದ್ದವರು ದಯವಿಟ್ಟು ಹೇಳಿ.

ಮಂಗಳೂರಿನಿಂದ, ಹಿಂದೆ ಸರ್ವೆ ತಂಡದಲ್ಲಿದ್ದವರು:

ದಿಬ್ಬದ ಆಸೆ ಬಿಡಿ. ಆ ಕೈಪಿಡಿಗಳು ಘಟ್ಟದ ಮೇಲಿನ ಬಯಲುಸೀಮೆಗೆ ಸರಿ. ಅಲ್ಲಿ ಮನೆಗೆ ಮನೆ ತಾಗಿಕೊಂಡ ಊರು. ಒಂದೇ ಜಾಗದಲ್ಲಿ ಮಣ್ಣಿನ ಗೋಡೆ ಬಿದ್ದು, ಅದರ ಮೇಲೆ ಮತ್ತೆ ಕಟ್ಟಿ, ನೂರಾರು ವರ್ಷದಲ್ಲಿ ನೆಲ ಏರುತ್ತದೆ. ನಮ್ಮಲ್ಲಿ ಒಂದೊಂದು ಮನೆ ಅದರದರ ಗದ್ದೆಯ ಬದಿಗೆ. ನಡುವೆ ತೋಟ, ತೋಡು (ಸಣ್ಣ ಹಳ್ಳ), ಹಾಡಿ (ಸಣ್ಣ ಕಾಡು). ಮತ್ತೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಾಗ ಇದು. ಮಾಡು (ಛಾವಣಿ) ಹೋದ ಮಣ್ಣಿನ ಗೋಡೆ ಕೆಲವೇ ಮಳೆಗಾಲದಲ್ಲಿ ತೋಡು ಸೇರುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಹುಳಿ ಗುಣದ್ದು, ಹಾಗಾಗಿ ಮೂಳೆ ಉಳಿಯುವುದಿಲ್ಲ. ಕಬ್ಬಿಣವೂ ತುಕ್ಕು ಹಿಡಿದು ಹೋಗುತ್ತದೆ.

ನೀವು ನೀರಿನಿಂದ ಶುರು ಮಾಡಿ. ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಗೊತ್ತಲ್ವಾ? ಬೈಲು ಎಲ್ಲಕ್ಕಿಂತ ಕೆಳಗೆ, ನೀರು ಜಾಸ್ತಿ. ಮಳೆಗಾಲದ ಏಣೆಲು, ಚಳಿಗಾಲದ ಸುಗ್ಗಿ, ಬೇಸಿಗೆಯ ಕೊಳಕೆ, ಮೂರೂ ಭತ್ತದ ಬೆಳೆ ಆಗುವುದು ಅಲ್ಲೇ. ಮಜಲು ನಡುವೆ. ಬೆಟ್ಟು ಗದ್ದೆ ಮಳೆ ನಂಬಿ ಒಂದು ಬೆಳೆಗೆ. ಒಳ್ಳೆಯ ಬೈಲಿನ ಮೇಲೆ ಯಾರೂ ಮನೆ ಕಟ್ಟುವುದಿಲ್ಲ. ನೆರೆ ಏರದ ಅಂಚಿನಲ್ಲಿ ಕಟ್ಟುತ್ತಾರೆ. ಹಾಗಾಗಿ ಬೈಲಿನ ಅಂಚು ಹಿಡಿದು ನಡೆಯಿರಿ. ಹಳೇ ಕೆರೆ, ಮದಗ (ಮಳೆನೀರು ನಿಲ್ಲಿಸುವ ದೊಡ್ಡ ಕೆರೆ), ತೋಡಿಗೆ ವರ್ಷವೂ ಕಟ್ಟ (ಒಡ್ಡು) ಹಾಕುವ ಜಾಗ, ನಾಗಬನ, ದೇವಸ್ಥಾನ, ಪಾಳು ಬಿದ್ದ ಬಾವಿ, ಇವನ್ನೆಲ್ಲ ಒಂದೇ ನಕ್ಷೆಯಲ್ಲಿ ಹಾಕಿ. ಒಂದೊಂದೇ ನೋಡಿದರೆ ಯಾವುದೂ ಅಳುಪರ ಕಾಲದ್ದು ಅಂತ ಹೇಳಲು ಬರುವುದಿಲ್ಲ. ಆದರೆ ಒಂದು ಮದಗ, ಅದರ ಕೆಳಗಿನ ಬೈಲು, ಅದರ ಅಂಚಿನಲ್ಲಿ ಹಳೇ ಲಿಪಿಯ ಶಾಸನ, ಮೂರೂ ಒಟ್ಟಿಗೆ ಸಿಕ್ಕಿದರೆ ಮಾತಾಡಲು ಆಧಾರ ಆಯಿತು.

ಹಂಚಿನ ತುಂಡಿಗೆ ಬೇಸರ ಬೇಡ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಒತ್ತಿದ ಅಕ್ಷರ, ಒಂದಕ್ಕೊಂದು ಕೂರುವ ಜಾಡು ಇದ್ದರೆ ಅದು ಅಲ್ಲಿಂದ ಈಚಿನದ್ದು, ಪ್ರತ್ಯೇಕ ಬರೆದುಕೊಳ್ಳಿ. ನೀಲಿ-ಬಿಳಿ ಪಿಂಗಾಣಿ ಸಿಕ್ಕಿದರೂ ಕುಣಿಯಬೇಡಿ. ಅದು 14ನೇ ಶತಮಾನದಿಂದ ಈಚೆಗೆ ಬಂದ ಮಾಲು. ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ 1342ರ ಸುಮಾರಿಗೆ ನೋಡಿದ ಬಾರ್ಕೂರು ನಿಮ್ಮ ಕಾಲದ ಬಾರ್ಕೂರು ಅಲ್ಲ. ಈಗ ಕೇರಿ ಕೇರಿಗಳಲ್ಲಿ ಕಣ್ಣಿಗೆ ಬೀಳುವುದರಲ್ಲಿ ವಿಜಯನಗರ ಕಾಲದ್ದೇ ಜಾಸ್ತಿ. ಅದನ್ನು ಹಿಂದಕ್ಕೆ ಎಳೆದು ಅಳುಪರ ತಲೆಗೆ ಕಟ್ಟುವವರು ಬಹಳ ಜನ ಇದ್ದಾರೆ.

ಕಾಲ: ಏಣೆಲು ಕೊಯ್ಲು ಮುಗಿದು ಸುಗ್ಗಿಗೆ ಉಳುವ ನಡುವಿನ ಕೆಲವು ದಿನ ಗದ್ದೆಗೆ ಒಳ್ಳೆಯದು. ಪದವು (ಮುರಕಲ್ಲಿನ ಎತ್ತರದ ಬೋಳು ಜಾಗ), ಹಾಡಿ ನೋಡುವುದಾದರೆ ಫೆಬ್ರವರಿಯಿಂದ ಏಪ್ರಿಲ್, ಆಗ ಹುಲ್ಲು ಒಣಗಿರುತ್ತದೆ. ಮೇ ತಿಂಗಳ ಮೊದಲ ಎರಡು ಮಳೆ ಬಿದ್ದ ಮರುದಿನ ದಾರಿ ಬದಿಯ ಕಡಿತಗಳನ್ನು ನೋಡಿ. ಮಣ್ಣು ತೊಳೆದು ಚೂರು ಎದ್ದು ಕಾಣುತ್ತದೆ.

ಕೋಟ ಕಡೆಯ ನಿವೃತ್ತ ಮೇಷ್ಟ್ರು:

ತಂಗಿ, ಮೇಲಿನವರು ಹೇಳಿದ್ದು ಸರಿ. ಆದರೆ ನನ್ನ ಮಟ್ಟಿಗೆ ಶುರು ಶಾಸನದಿಂದಲೇ ಆಗಬೇಕು. ವಡ್ಡರ್ಸೆ ಶಾಸನ 7ನೇ ಶತಮಾನದ್ದು, ಕರಾವಳಿಯ ಕನ್ನಡ ಶಾಸನಗಳಲ್ಲಿ ತುಂಬ ಹಳೆಯದು. ಉದ್ಯಾವರದ ವೀರಗಲ್ಲುಗಳಲ್ಲಿ ಉದಯಪುರಕ್ಕಾಗಿ (ಉದ್ಯಾವರದ ಹಳೇ ಹೆಸರು) ಕಾದಿ ಸತ್ತವರ ಹೆಸರು ಉಂಟು. ಆದರೆ ಆ ಕಾಲದ ಹೆಚ್ಚಿನವಕ್ಕೆ ತಾರೀಕು ಇಲ್ಲ, ಅಕ್ಷರದ ರೂಪ ನೋಡಿ ಶತಮಾನ ಹೇಳುವುದು. ಮಂಗಳೂರಿನ ಕದ್ರಿಯ ಲೋಕೇಶ್ವರ ಮೂರ್ತಿಯ ಪೀಠದಲ್ಲಿರುವ ಅಳುಪ ಅರಸ ಕುಂದವರ್ಮನ ಶಾಸನದಂಥ ತಾರೀಕು ಇದ್ದದ್ದು ಅಪರೂಪ. ಅದನ್ನೂ 968 ಅಂತ ಹೆಚ್ಚಿನವರು ಓದಿದರೆ 1068 ಅಂತ ಓದಿದವರೂ ಇದ್ದಾರೆ.

ಮನೆಯಲ್ಲೇ ಕೂತು ಮೊದಲು ಶಾಸನಗಳ ಪಾಠ ಅಚ್ಚಾದ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 7ನೇ ಸಂಪುಟ ನೋಡಿ. ನಮ್ಮ ಕಡೆಯ ಶಾಸನ ಬೇಕಾದಷ್ಟು ಉಂಟು. ಹುಡುಕುವಾಗ ಈಗಿನ ತಾಲೂಕು ನಂಬಬೇಡಿ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ, 1956ರ ಮೊದಲು ನಾವು ಮದ್ರಾಸಿನವರು. ಹಳೇ ಪಟ್ಟಿಯಲ್ಲಿ ಬ್ರಹ್ಮಾವರ ತಾಲೂಕೇ ಇಲ್ಲ. ನಂತರದ ಶತಮಾನಗಳ ದಾನಶಾಸನವನ್ನೂ ಬಿಡಬೇಡಿ. ಮೂಡಲು ತೋಡು ಗಡಿ, ತೆಂಕಲು ಇಂಥವರ ಗದ್ದೆ ಗಡಿ, ಇಷ್ಟು ಮುಡಿ (ಧಾನ್ಯದ ಹಳೇ ಅಳತೆ) ಬೀಜ ಬೀಳುವ ಗದ್ದೆ, ಹೀಗೆ ಬರೆದಿರುತ್ತಾರೆ. ತೋಡು ಇನ್ನೂ ಅಲ್ಲೇ ಹರಿಯುತ್ತಿದ್ದರೆ ಗಡಿ ಹಿಡಿದು ನಡೆಯಬಹುದು. ಅದು 15ನೇ ಶತಮಾನದ ಚಿತ್ರ, ಒಪ್ಪಿದೆ. ಆದರೂ ಹಿಂದಕ್ಕೆ ಹೋಗಲು ಅದೊಂದು ಮೆಟ್ಟಿಲು.

ಈಗ ಮುಖ್ಯ ಮಾತು. ಎಲ್ಲಿ ದೇವಸ್ಥಾನದ ಜೀರ್ಣೋದ್ಧಾರ ನಡೆಯುತ್ತಾ ಉಂಟು ಅಂತ ವಿಚಾರಿಸಿ, ಅಲ್ಲಿಗೆ ಮೊದಲು ಓಡಿ. ಕೆಲಸ ಮುಗಿದು ಬ್ರಹ್ಮಕಲಶದ ಚಪ್ಪರ ಏಳುವ ಹೊತ್ತಿಗೆ ತಡ ಆಯಿತು. ಹಳೇ ಗರ್ಭಗುಡಿ ಬಿಚ್ಚುವಾಗ ಅಡಿಪಾಯದ ಕಲ್ಲು, ಮೂರ್ತಿ ಕೂರುವ ಹಳೇ ಪಾಣಿಪೀಠ, ತುಂಡಾದ ಮೂರ್ತಿ, ಕೆಲವೊಮ್ಮೆ ಅಕ್ಷರ ಇರುವ ಕಲ್ಲು ಹೊರಗೆ ಬರುತ್ತದೆ. ಆಮೇಲೆ ಅದು ಬಾವಿಯ ಹಿಂದೆ, ಕೆರೆ ಬದಿಯಲ್ಲಿ, ಬಟ್ಟೆ ಒಗೆಯುವ ಕಲ್ಲಾಗಿ ಕೂಡ ಸಿಗುತ್ತದೆ. ಎಲ್ಲಿಂದ ಎದ್ದದ್ದು ಅಂತ ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಕಮಿಟಿಯವರ ಹತ್ತಿರ ವಿನಯದಿಂದ ಕೇಳಿ, ಫೋಟೊ ತೆಗೆಯಲು ಬಿಡುತ್ತಾರೆ. ಜ್ಯೋತಿಷಿಗಳು ಇಡುವ ಅಷ್ಟಮಂಗಲ ಪ್ರಶ್ನೆಯಲ್ಲಿ "ಇಂಥ ಕಡೆ ಹಿಂದೆ ಸಾನ್ನಿಧ್ಯ ಇತ್ತು" ಅಂತ ಬಂದರೆ ಊರವರು ಹಾಡಿ ಸವರಿ ನೋಡುತ್ತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಹಾಡಿ ಸವರಿದ ದಿನ ನೀವು ಅಲ್ಲಿರಬೇಕು.

ಕಲ್ಲಿನ ಮೇಲೆ ಸುಣ್ಣ, ಕುಂಕುಮ, ಎಣ್ಣೆ ಹಚ್ಚಿ ಓದಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿದರೆ ಸವೆದ ಅಕ್ಷರ ನೆರಳಿನಲ್ಲಿ ಎದ್ದು ಬರುತ್ತದೆ.

ಮಣಿಪಾಲದಿಂದ, ನಕ್ಷೆ ಕೆಲಸ ಮಾಡುವವರು:

ನಕ್ಷೆ ಬಗ್ಗೆ ಸ್ವಲ್ಪ. ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆದು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಕೂರಿಸಿ. ಸರ್ವೆ ನಂಬರಿನ ಗೆರೆಗಳು ಹೆಚ್ಚಾಗಿ ಹಳೇ ಕಟ್ಟಪುಣಿ (ಗದ್ದೆಯ ದೊಡ್ಡ ಬದು), ತೋಡುಗಳ ಮೇಲೇ ಹೋಗುತ್ತವೆ. ಇಸ್ರೋದ ಭುವನ್ ಜಾಲತಾಣದಲ್ಲಿ ಸಿಗುವ ಎತ್ತರದ ದತ್ತಾಂಶ 30 ಮೀಟರ್ ಅಳತೆಯದ್ದು. ಬೈಲು ಯಾವುದು, ಪದವು ಯಾವುದು ಅನ್ನಲು ಸಾಕು. ಪುಣಿ, ಅಗಳು (ಕಂದಕ) ಅದರಲ್ಲಿ ಕಾಣುವುದಿಲ್ಲ, ಅದಕ್ಕೆ ಕಾಲೇ ಬೇಕು. ಗೂಗಲ್ ಅರ್ಥ್‌ನಲ್ಲಿ ಜನವರಿ-ಮಾರ್ಚ್ ಚಿತ್ರಗಳನ್ನೇ ನೋಡಿ, ಮಳೆಗಾಲದ್ದೆಲ್ಲ ಬರೀ ಮೋಡ.

ಹತ್ತು ಮೀಟರ್ ಅಂತರದಲ್ಲಿ ಸಾಲಾಗಿ ನಡೆಯಿರಿ ಅನ್ನುವ ನಿಯಮ ಇಲ್ಲಿ ಕಂಪೌಂಡ್ ಗೋಡೆಗೆ ಬಂದು ನಿಲ್ಲುತ್ತದೆ. ಸರ್ವೆ ನಂಬರನ್ನೇ ಒಂದು ಘಟಕ ಮಾಡಿ. ಏನೂ ಸಿಗದ ಗದ್ದೆಯನ್ನೂ ಬರೆಯಿರಿ, ನೆಲ ಎಷ್ಟು ಕಾಣುತ್ತಿತ್ತು ಅನ್ನುವುದನ್ನೂ ಬರೆಯಿರಿ. ಇಲ್ಲವಾದರೆ ಜನ ಇರಲಿಲ್ಲವೋ, ಹುಲ್ಲು ಇತ್ತೋ, ಆಮೇಲೆ ಗೊತ್ತಾಗುವುದಿಲ್ಲ. ತೆಂಗು, ಅಡಿಕೆ ತೋಟದೊಳಗೆ ಫೋನಿನ ಜಿಪಿಎಸ್ ತಪ್ಪುತ್ತದೆ. ಹತ್ತಿರದ ಬಾವಿ, ಮನೆ ಮೂಲೆಯಿಂದ ಟೇಪಿನಲ್ಲಿ ಅಳೆದಿಡಿ.

ನದಿಯನ್ನೂ ಈಗಿನ ಹಾಗೇ ಇತ್ತು ಅಂದುಕೊಳ್ಳಬೇಡಿ. ಸೀತಾ, ಸುವರ್ಣಾ ಎರಡೂ ಕೋಡಿಬೆಂಗ್ರೆ ಹತ್ತಿರ ಒಟ್ಟಿಗೆ ಸಮುದ್ರ ಸೇರುತ್ತವೆ. ಅಂಥ ಕಡೆ ಮರಳ ದಿಣ್ಣೆ, ಕುದ್ರು (ನದಿಯ ನಡುವಿನ ದ್ವೀಪ), ಅಳಿವೆ ಬಾಯಿ ಸರಿಯುತ್ತಲೇ ಇರುತ್ತವೆ. ದೋಣಿ ಎಲ್ಲಿ ನಿಲ್ಲುತ್ತಿತ್ತು ಅಂತ ಹೇಳುವ ಮೊದಲು ಅದನ್ನು ಯೋಚಿಸಿ.

ವಿದ್ಯಾರ್ಥಿನಿ:

ಎಲ್ಲರಿಗೂ ಉಪಕಾರ. ಒಂದು ತೊಂದರೆ ಹೇಳಲಿಲ್ಲ. ಒಂದು ಕಡೆ ನಾಗಬನದ ಹತ್ತಿರ ಫೋಟೊ ತೆಗೆಯುವಾಗ "ನಿಧಿ ಹುಡುಕಲಿಕ್ಕೆ ಬಂದದ್ದಾ?" ಅಂತ ಜೋರು ಮಾಡಿದರು. ಮತ್ತೆ ಹೋಗಲು ಹೆದರಿಕೆ.

ಕಲ್ಯಾಣಪುರದ ಕೃಷಿಕರು:

ಅವರದ್ದೂ ತಪ್ಪಿಲ್ಲ ಮಾರಾಯ್ರೆ. ರಾತ್ರಿ ಬಂದು ಕಲ್ಲು ಎಬ್ಬಿಸಿ ಹೋಗುವವರು ಇದ್ದಾರೆ. ನೀವು ಹೀಗೆ ಮಾಡಿ. ಕಾಲೇಜಿನ ಪತ್ರ ಕನ್ನಡದಲ್ಲಿ ಮಾಡಿಸಿ. ಪಂಚಾಯತ್‌ನಲ್ಲಿ ಪಿಡಿಒಗೆ ಒಂದು ಪ್ರತಿ, ಠಾಣೆಗೆ ಒಂದು. ಹಾರೆ, ಪಿಕ್ಕಾಸು ಬಿಡಿ, ಸಣ್ಣ ಕರಣೆ ಕೂಡ ಚೀಲದಲ್ಲಿ ಇಡಬೇಡಿ. ಬನಕ್ಕೆ ಸುಮ್ನೆ ನುಗ್ಗಬೇಡಿ, ಮೊದಲು ಆ ಕುಟುಂಬದ ಹಿರಿಯರನ್ನು ಕೇಳಿ. ದೈವಸ್ಥಾನ ಆದರೆ ಗುರಿಕಾರರನ್ನು (ಅಲ್ಲಿಯ ಮುಖ್ಯಸ್ಥರನ್ನು). ಚಪ್ಪಲಿ ಹೊರಗೆ. ಹೆಣ್ಣುಮಕ್ಕಳು ಬರಬಾರದು ಅಂದರೆ ವಾದ ಬೇಡ, ಅವರ ಮನೆಯ ಹುಡುಗನ ಕೈಯಲ್ಲೇ ಫೋಟೊ ತೆಗೆಸಿ. ಗದ್ದೆ ಹೆಸರುಗಳನ್ನು ಮನೆಯ ಅಜ್ಜಿಯಂದಿರ ಹತ್ತಿರ ಕೇಳಿ, ಪಹಣಿಯಲ್ಲಿ ಬರೀ ನಂಬರು ಇರುತ್ತದೆ. ಬೆಳಿಗ್ಗೆ ನಟ್ಟಿ, ಕೊಯ್ಲು ಹೊತ್ತಿಗೆ ಹೋದರೆ ಯಾರೂ ಮಾತಿಗೆ ಸಿಗುವುದಿಲ್ಲ. ಸಂಜೆ ಚಾ ಹೊತ್ತಿಗೆ ಹೋಗಿ.

ಹಾಳು ಬಿದ್ದ ಕಲ್ಲುಕೋರೆಗಳ ಬದಿ ಜಾಗ್ರತೆ. ನೀರು ತುಂಬಿ ಆಳ ಗೊತ್ತಾಗುವುದಿಲ್ಲ. ಕಟ್ಟೆ ಇಲ್ಲದ ಬಾವಿಯೂ ಹಾಗೇ. ಒಬ್ಬರೇ ಹೋಗಬೇಡಿ.

ವಿದ್ಯಾರ್ಥಿನಿ:

ಚೂರು ಸಿಕ್ಕಿದರೆ ಕಾಲೇಜಿಗೆ ತರಬಹುದಾ? ಗೈಡ್ ಮಾದರಿ ಕೇಳುತ್ತಾರೆ.

ಮಂಗಳೂರಿನಿಂದ, ಸರ್ವೆ ತಂಡದಲ್ಲಿದ್ದವರು:

ತರಬೇಡಿ. 1972ರ ಕಾಯಿದೆಯ ಪ್ರಕಾರ 100 ವರ್ಷಕ್ಕೆ ಮೇಲಿನ ವಸ್ತು ಪುರಾವಸ್ತು ಆಗಬಹುದು. ನೆಲದಲ್ಲಿ ಹೂತ ನಾಣ್ಯ, ಚಿನ್ನ ಸಿಕ್ಕಿದರೆ 1962ರ ಕರ್ನಾಟಕ ನಿಧಿ ಕಾಯಿದೆ ಉಂಟು, ಜಿಲ್ಲಾಧಿಕಾರಿಗೆ ತಿಳಿಸಬೇಕು. ಮಾದರಿ ಬೇಕೇ ಬೇಕು ಅಂದರೆ ನಿಮ್ಮ ಗೈಡ್ ವಿಭಾಗದ ಹೆಸರಿನಲ್ಲಿ ಪುರಾತತ್ವ ಇಲಾಖೆಯಿಂದ ಲಿಖಿತ ಅನುಮತಿ ತೆಗೆದುಕೊಡಲಿ. ಅಲ್ಲಿಯ ತನಕ ಚೂರನ್ನು ಸ್ಕೇಲ್ ಇಟ್ಟು ಎರಡೂ ಬದಿ ಫೋಟೊ ತೆಗೆಯಿರಿ. ಅಂಚಿನ ತುಂಡಾದರೆ ಮಗ್ಗುಲಿನಿಂದಲೂ ಒಂದು, ಪಾತ್ರೆಯ ಬಾಯಿಯ ಆಕಾರ ಅದರಲ್ಲೇ ಗೊತ್ತಾಗುವುದು. ಸರ್ವೆ ನಂಬರು ಬರೆದು ಇದ್ದಲ್ಲೇ ಬಿಡಿ. ಮತ್ತೆ ಆ ಜಾಗದ ಲೊಕೇಶನ್ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಮೇಲೆ ಕಲ್ಯಾಣಪುರದವರು ಹೇಳಿದ ರಾತ್ರಿಯ ಜನ ಅದನ್ನೂ ನೋಡುತ್ತಾರೆ.